ಸೆಟ್ಟು ಕೆಟ್ಟಿದೆಯೋ, ಆಯ್ಕೆ ಕೆಟ್ಟಿದೆಯೋ: ಬಯಲು-ಬೆಟ್ಟಗಳಲ್ಲಿ ದುಡಿಯುವ ತಂಡಗಳಿಗೊಂದು ವಾಕಿಟಾಕಿ ದೋಷ ನಿವಾರಣೆ ಕೈಪಿಡಿ

ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಮೇಜಿನ ಪಕ್ಕದಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳು ಇರುತ್ತವೆ. ಒಂದರಲ್ಲಿ ನಿಜವಾಗಿಯೂ ಕೆಟ್ಟಿರುವ ವಾಕಿಟಾಕಿ ಸೆಟ್ಟುಗಳು; ಇನ್ನೊಂದರಲ್ಲಿ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿಕೊಂಡು ಬಂದು, ಮೇಜಿನ ಮೇಲಿಟ್ಟ ಕೂಡಲೇ ಯಾವ ತಕರಾರೂ ಇಲ್ಲದೆ ಮಾತಾಡುವ ಸೆಟ್ಟುಗಳು. ಎರಡನೆಯ ಪೆಟ್ಟಿಗೆಯೇ ಯಾವಾಗಲೂ ಮೊದಲು ತುಂಬುತ್ತದೆ. ಆ ಸೆಟ್ಟುಗಳನ್ನು ತಂದವರು ಸುಳ್ಳು ಹೇಳಿದ್ದರೆಂದಲ್ಲ. ದೇವರಾಯನದುರ್ಗದ ಕಣಿವೆಯಲ್ಲಿ ಬೆಂಕಿ ಕಾಯುತ್ತಿದ್ದಾಗಲೋ, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಆನೆ ಬಂತೆಂದು ರಾತ್ರಿ ಹೊಲದ ಬದುವಿನಲ್ಲಿ ನಿಂತಿದ್ದಾಗಲೋ ಅವರ ಕೈಯಲ್ಲಿ ಅದು ಮಾತಾಡಿರಲಿಲ್ಲ ಎಂಬುದು ನಿಜವೇ. ಹಾಗಾದರೆ ದೋಷ ಸೆಟ್ಟಿನ ಒಳಗಿತ್ತೇ, ಅದರ ಹೊಂದಾಣಿಕೆಯಲ್ಲಿತ್ತೇ, ನೆಲದಲ್ಲಿತ್ತೇ, ಅಥವಾ ಆ ನೆಲಕ್ಕೆ ಒಗ್ಗದ ಸೆಟ್ಟನ್ನು ಕೊಂಡ ದಿನವೇ ಅದು ಶುರುವಾಗಿತ್ತೇ ಎಂಬುದನ್ನು ಕ್ರಮವಾಗಿ ಬಿಡಿಸಿ ನೋಡುವುದಕ್ಕಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ಸ್ಕ್ರೂ ಬಿಚ್ಚುವ ಕೆಲಸ ಇದರಲ್ಲಿ ಬಹುತೇಕ ಇಲ್ಲ.

ಮೊದಲ ಪ್ರಶ್ನೆ: ಯಾರ ಮಾತು ಯಾರಿಗೆ ಕೇಳಲಿಲ್ಲ?

‘ವಾಕಿಟಾಕಿ ಕೆಲಸ ಮಾಡುತ್ತಿಲ್ಲ’ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಧುಗಿರಿ ಕಡೆಯ ಹುಡುಗನೊಬ್ಬ ಸೆಟ್ಟು ತಂದುಕೊಟ್ಟು, “ಸಾರ್, ನಂಗೆ ಎಲ್ರುದೂ ಕೇಳ್ತೈತೆ, ನಾನ್ ಮಾತಾಡಿದ್ದು ಮಾತ್ರ ಯಾರ್ಗೂ ಕೇಳಲ್ಲ” ಎಂದ. ಅರ್ಧ ಪರೀಕ್ಷೆಯನ್ನು ಅವನೇ ಮುಗಿಸಿಕೊಟ್ಟಿದ್ದ. ಕೇಳುತ್ತಿದೆಯೆಂದರೆ ಚಾನೆಲ್ ಸರಿಯಾಗಿದೆ, ಸ್ಪೀಕರ್ ಸರಿಯಾಗಿದೆ, ಆಂಟೆನಾ ಪೂರ್ತಿ ಸತ್ತಿಲ್ಲ. ಮಾತು ಹೋಗುತ್ತಿಲ್ಲವೆಂದರೆ ಬ್ಯಾಟರಿ, ಮೈಕ್, ಟೋನ್ (ತಂಡದ ಗುರುತಿಗೆಂದು ಮಾತಿನ ಜೊತೆ ಹೋಗುವ ಸಣ್ಣ ದನಿ), ಇಲ್ಲವೇ ಪ್ರಸಾರದ ಭಾಗ ಇವುಗಳಲ್ಲೊಂದನ್ನು ಹುಡುಕಿದರೆ ಸಾಕು.

ಆದ್ದರಿಂದ ದೂರು ಬಂದಾಗ ತಂಡದ ಮುಖ್ಯಸ್ಥರು ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಬೇಕು: ಮಾತಾಡಿದವರು ನಿಂತಿದ್ದ ಜಾಗ, ಕೇಳಬೇಕಾಗಿದ್ದವರು ನಿಂತಿದ್ದ ಜಾಗ, ತೊಂದರೆ ಒಂದೇ ದಿಕ್ಕಿನದೋ ಎರಡೂ ದಿಕ್ಕಿನದೋ ಎಂಬುದು, ಮತ್ತು ಅದೇ ಹೊತ್ತಿನಲ್ಲಿ ಅದೇ ಜಾಗದಲ್ಲಿ ಬೇರೊಂದು ಸೆಟ್ಟು ಮಾತಾಡಿತೋ ಇಲ್ಲವೋ ಎಂಬುದು. ಕೊನೆಯದಕ್ಕೆ ಉತ್ತರವಿಲ್ಲದೆ ಸೆಟ್ಟನ್ನು ರಿಪೇರಿಗೆ ಕಳಿಸಿದರೆ ಅದು ನನ್ನ ಎರಡನೆಯ ಪೆಟ್ಟಿಗೆಯನ್ನೇ ಸೇರುತ್ತದೆ.

ಅದಲು ಬದಲು ಪರೀಕ್ಷೆ

ಒಳ್ಳೆಯದೆಂದು ಖಾತ್ರಿಯಿರುವ ಎರಡು ಸೆಟ್ಟುಗಳನ್ನು ಪ್ರತಿ ತಂಡವೂ ಬೇರೆಯಾಗಿ ಗುರುತು ಮಾಡಿ ಇಟ್ಟುಕೊಂಡಿರಬೇಕು. ಅನುಮಾನದ ಸೆಟ್ಟನ್ನು ಅವುಗಳಲ್ಲೊಂದರ ಜೊತೆ ನೂರು ಹೆಜ್ಜೆ ದೂರದಲ್ಲಿ, ಬಯಲಿನಲ್ಲಿ, ನಡುವೆ ಗೋಡೆಯಿಲ್ಲದಂತೆ ಪರೀಕ್ಷಿಸಿ. ಒಂದೇ ಕೋಣೆಯಲ್ಲಿ ಎರಡು ಸೆಟ್ಟುಗಳನ್ನು ಪಕ್ಕಪಕ್ಕ ಹಿಡಿದು ಮಾತಾಡಿ ‘ಸರಿಯಿದೆ’ ಎನ್ನುವುದು ಪರೀಕ್ಷೆಯಲ್ಲ; ಅಷ್ಟು ಹತ್ತಿರದಲ್ಲಿ ಆಂಟೆನಾ ಮುರಿದ ಸೆಟ್ಟೂ ಚೆನ್ನಾಗಿಯೇ ಕೇಳಿಸುತ್ತದೆ.

ನೂರು ಹೆಜ್ಜೆಯಲ್ಲಿ ತೊಂದರೆ ಕಾಣಿಸಿದರೆ ಮೊದಲು ಒಳ್ಳೆಯ ಸೆಟ್ಟಿನ ಬ್ಯಾಟರಿಯನ್ನು ಮಾತ್ರ ಅನುಮಾನದ ಸೆಟ್ಟಿಗೆ ಹಾಕಿ ನೋಡಿ, ಅದನ್ನು ವಾಪಸು ಹಾಕಿ, ಆಮೇಲೆ ಆಂಟೆನಾವನ್ನು ಮಾತ್ರ ಹಾಗೆಯೇ ಬದಲಿಸಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಸೆಟ್ಟು ಸರಿಹೋಗುತ್ತದೆ, ದೋಷ ಮಾತ್ರ ಸಿಗುವುದಿಲ್ಲ, ಕೆಟ್ಟ ಬ್ಯಾಟರಿ ಮುಂದಿನ ವಾರ ಇನ್ನೊಬ್ಬನ ಕೈಯಲ್ಲಿ ಮತ್ತೆ ತಲೆಯೆತ್ತುತ್ತದೆ. ನೂರು ಹೆಜ್ಜೆಯಲ್ಲಿ ಎಲ್ಲವೂ ಸರಿಯಿದ್ದು, ಕೆಲಸದ ಜಾಗದಲ್ಲಿ ಮಾತ್ರ ಕೈಕೊಡುತ್ತಿದ್ದರೆ ಸೆಟ್ಟನ್ನು ಬಿಟ್ಟು ನೇರವಾಗಿ ನೆಲದ ವಿಚಾರಕ್ಕೆ ಬನ್ನಿ.

ಕೇಳುತ್ತದೆ, ಮಾತು ಹೋಗುವುದಿಲ್ಲ

ಇಲ್ಲಿ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಸುಮ್ಮನೆ ಕಾಯುತ್ತಿರುವ ಸೆಟ್ಟು ಆಂಪಿಯರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಕರೆಂಟನ್ನು ಎಳೆಯುತ್ತದೆ; ಮಾತಾಡಲು ಗುಂಡಿ ಒತ್ತಿದಾಗ 5 ವ್ಯಾಟಿನ ಸೆಟ್ಟು ಸುಮಾರು ಒಂದೂವರೆ ಆಂಪಿಯರ್ ಕೇಳುತ್ತದೆ. ಹಳತಾದ ಬ್ಯಾಟರಿ ಕಾಯುವ ಕೆಲಸವನ್ನು ದಿನವಿಡೀ ಮಾಡಬಲ್ಲದು, ಆ ಒಂದೂವರೆ ಆಂಪಿಯರನ್ನು ಮಾತ್ರ ಕೊಡಲಾರದು. ಗುಂಡಿ ಒತ್ತಿದ ಕ್ಷಣ ಕೆಂಪು ದೀಪ ಮಿನುಗಿ ಆರಿದರೆ, ಸೆಟ್ಟು ತಾನೇ ಆಫ್ ಆಗಿ ಆನ್ ಆದರೆ, ಅಥವಾ ಮಾತು ಎರಡು ಪದಗಳಲ್ಲಿ ಕಡಿದುಹೋದರೆ ಬೇರೇನನ್ನೂ ಹುಡುಕಬೇಡಿ.

ಮಲ್ಟಿಮೀಟರ್ ಇದ್ದವರು ಅಳೆದೂ ನೋಡಬಹುದು. 7.4 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ತೋರಿಸಬೇಕು. ಸೆಟ್ಟಿಗೆ ಹಾಕಿದಂತೆಯೇ ಅದರ ಚಾರ್ಜಿಂಗ್ ತಗಡುಗಳಿಗೆ ಮೀಟರಿನ ಸೂಜಿ ಮುಟ್ಟಿಸಿ, ಇನ್ನೊಬ್ಬರಿಗೆ ಗುಂಡಿ ಒತ್ತಲು ಹೇಳಿ; ಸುಮ್ಮನಿದ್ದಾಗ 7.8 ಇದ್ದದ್ದು ಒತ್ತಿದ ಕೂಡಲೇ 6.3ಕ್ಕೆ ಜಾರಿದರೆ ಆ ಬ್ಯಾಟರಿಯ ಕಾಲ ಮುಗಿದಿದೆ. ಕೆಲವು ಮಾದರಿಗಳಲ್ಲಿ ಆ ತಗಡುಗಳ ಹಿಂದೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುವುದರಿಂದ ಈ ಅಳತೆ ಸಿಗುವುದಿಲ್ಲ. ಅಂಥಲ್ಲಿ ಅದಲು ಬದಲು ಪರೀಕ್ಷೆಯೇ ಗತಿ. ಚಾರ್ಜರಿನ ಹಸಿರು ದೀಪವನ್ನು ಮಾತ್ರ ಸಾಕ್ಷಿಯಾಗಿ ಒಪ್ಪಬೇಡಿ. ಒಳಗೆ ಸಾಮರ್ಥ್ಯವೇ ಉಳಿಯದ ಬ್ಯಾಟರಿ ಬೇಗ ತುಂಬುತ್ತದೆ, ದೀಪವೂ ಬೇಗ ಹಸಿರಾಗುತ್ತದೆ. ‘ಈ ಬ್ಯಾಟರಿ ಬಲು ಬೇಗ ಚಾರ್ಜ್ ಆಗುತ್ತದೆ’ ಎಂದು ತಂಡದಲ್ಲಿ ಯಾರಾದರೂ ಮೆಚ್ಚಿ ಮಾತಾಡಿದರೆ ಅದನ್ನೇ ಮೊದಲು ಪರೀಕ್ಷಿಸಿ.

ಹೊಸ ಬ್ಯಾಟರಿ ತರಿಸುವ ಮುನ್ನ ತಗಡುಗಳನ್ನೊಮ್ಮೆ ನೋಡಬೇಕು. ಮಧುಗಿರಿಯ ಹುಡುಗನ ಸೆಟ್ಟಿನ ಬ್ಯಾಟರಿ ತೆಗೆದಾಗ ಮೂರು ತಗಡುಗಳಲ್ಲಿ ಎರಡು ಹಿತ್ತಾಳೆಯಂತೆ ಹೊಳೆಯುತ್ತಿದ್ದವು; ಮೂರನೆಯದರ ಮೇಲೆ ಕೆಮ್ಮಣ್ಣೂ ಬೆವರೂ ಸೇರಿ ಒಣಗಿದ ಕಂದು ಪೊರೆಯೊಂದು ಕಟ್ಟಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹತ್ತು ಸಲ ಉಜ್ಜಿ, ಐಸೊಪ್ರೊಪೈಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದ ಮೇಲೆ ಸೆಟ್ಟು ಅಲ್ಲೇ ಮಾತಾಡಿತು. ಉಪ್ಪು ಕಾಗದ ಹಾಕಿ ಉಜ್ಜುವವರೂ ಇದ್ದಾರೆ; ಅದರಿಂದ ಮೇಲಿನ ಲೇಪ ಹೋಗಿ ತಗಡು ಇನ್ನೂ ಬೇಗ ಕಿಲುಬು ಹಿಡಿಯುತ್ತದೆ.

ಬ್ಯಾಟರಿ ಸರಿಯಿದ್ದೂ ಮಾತು ಹೋಗದಿದ್ದರೆ, ಗುಂಡಿ ಒತ್ತಿದಾಗ ಆಚೆ ಬದಿಯ ಸೆಟ್ಟಿನಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿ. ಆಚೆಯ ಹಸಿರು ದೀಪ ಹೊತ್ತಿಕೊಂಡು ಸ್ಪೀಕರಿನಲ್ಲಿ ಬರಿಯ ಮೌನ ಕೇಳಿಸಿದರೆ ಮುಂದಿನ ಭಾಗದಲ್ಲಿ ಹೇಳುವ ಟೋನ್ ಪರೀಕ್ಷೆಯನ್ನು ಮೊದಲು ಮಾಡಿ; ಟೋನ್ ಸರಿಯಿದ್ದೂ ಮೌನವೇ ಇದ್ದರೆ ಅಲೆ ಹೋಗುತ್ತಿದೆ, ದನಿ ಹೋಗುತ್ತಿಲ್ಲ: ಇದು ಮೈಕಿನ ತೊಂದರೆ. ಕ್ವಾರಿಗಳಲ್ಲಿ ದುಡಿಯುವ ಸೆಟ್ಟುಗಳಲ್ಲಿ ಮೈಕಿನ ತೂತಿಗೆ ಕಲ್ಲಿನ ಹಿಟ್ಟು ತುಂಬಿಕೊಳ್ಳುವುದು ಮಾಮೂಲು. ಮೆತ್ತನೆಯ ಬ್ರಷ್ಷಿನಿಂದ, ಸೆಟ್ಟನ್ನು ತಲೆಕೆಳಗಾಗಿ ಹಿಡಿದು ತೆಗೆಯಬೇಕೇ ಹೊರತು ಗುಂಡುಸೂಜಿ ಚುಚ್ಚಬಾರದು, ಏಕೆಂದರೆ ಒಳಗಿನ ನೀರುತಡೆ ಪೊರೆ ಹರಿಯುತ್ತದೆ. ಇಯರ್‌ಫೋನ್ ಪಿನ್ನು ಅರ್ಧ ಕೂತಿದ್ದರೂ ಒಳಗಿನ ಮೈಕಿನ ಸಂಪರ್ಕ ಕಡಿದಿರುತ್ತದೆ. ಆಚೆಯ ದೀಪವೇ ಹೊತ್ತದಿದ್ದರೆ ಅಲೆಯೇ ಹೋಗುತ್ತಿಲ್ಲ. ಆಗ ಚಾನೆಲ್, ಆಂಟೆನಾ, ಕೊನೆಗೆ ಪ್ರಸಾರದ ಟ್ರಾನ್ಸಿಸ್ಟರ್, ಈ ಕ್ರಮದಲ್ಲಿ ನೋಡಬೇಕು.

ದೀಪ ಹೊತ್ತುತ್ತದೆ, ಸದ್ದಿಲ್ಲ

ಹಸಿರು ದೀಪ ಹೊತ್ತಿಯೂ ಸ್ಪೀಕರ್ ಮೂಕವಾಗಿದ್ದರೆ ಹತ್ತರಲ್ಲಿ ಎಂಟು ಸಲ ಅದು ಟೋನ್ ವ್ಯತ್ಯಾಸ. ಒಂದೇ ಫ್ರೀಕ್ವೆನ್ಸಿಯನ್ನು ಹಲವರು ಬಳಸುವಾಗ ಬೇರೆಯವರ ಮಾತು ಕಿವಿಗೆ ಬೀಳದಿರಲೆಂದು ಪ್ರತಿ ತಂಡವೂ ದನಿಯ ಅಡಿಯಲ್ಲಿ ಕಿವಿಗೆ ಕೇಳಿಸದಂಥ ಒಂದು ಸಣ್ಣ ಟೋನನ್ನು ಕಳಿಸುತ್ತದೆ; 67 ಹರ್ಟ್ಸ್‌ನಿಂದ ಶುರುವಾಗಿ ಸುಮಾರು 250 ಹರ್ಟ್ಸ್‌ವರೆಗಿನ ನಿಗದಿತ ಟೋನುಗಳು ಇವು. ಬಂದ ಅಲೆಯಲ್ಲಿ ತನ್ನ ಟೋನ್ ಇಲ್ಲದಿದ್ದರೆ ಸೆಟ್ಟು ದೀಪ ಹೊತ್ತಿಸುತ್ತದೆ, ಬಾಯಿ ತೆರೆಯುವುದಿಲ್ಲ. ಟೋನ್ ನೋಡದೆ ಸ್ಪೀಕರನ್ನು ತೆರೆಯುವ ಮಾನಿಟರ್ ಗುಂಡಿಯನ್ನು ಒತ್ತಿ ಹಿಡಿದಾಗ ಮಾತು ಕೇಳಿಸಿತೆಂದರೆ ರೋಗ ಖಚಿತ. ತಂಡಕ್ಕೆ ಹೊಸದಾಗಿ ಸೇರಿಸಿದ ಸೆಟ್ಟಿನಲ್ಲಿ, ಅಥವಾ ಯಾರೋ ಕುತೂಹಲಕ್ಕೆ ಗುಂಡಿಗಳನ್ನು ಒತ್ತಿ ಮೆನು ತಿರುವಿದ ಸೆಟ್ಟಿನಲ್ಲಿ ಇದು ಕಾಣಿಸುತ್ತದೆ. ಹೊಂದಿಸಿದ ಮೇಲೆ ಕೀಲಿಮಣೆಯನ್ನು ಲಾಕ್ ಮಾಡಿಡಿ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಟೋನ್ ಹಾಕಿದ್ದರಿಂದ ನಮ್ಮ ಮಾತು ಗುಟ್ಟಾಗಿ ಉಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಟೋನ್ ನಮ್ಮ ಕಿವಿಗೆ ಹಾಕಿಕೊಂಡ ಹತ್ತಿಯೇ ಹೊರತು ಬಾಯಿಗೆ ಹಾಕಿದ ಬೀಗವಲ್ಲ. ಬೇರೆಯವರು ಕೇಳಬಹುದು, ಬೇರೆಯವರು ಅದೇ ಹೊತ್ತಿಗೆ ಮಾತಾಡಿದರೆ ನಮ್ಮ ಮಾತು ಕೆಡಲೂಬಹುದು.

ಮಾತು ಕೇಳಿಸಿಯೂ ಒಡೆದಂತೆ, ಇಲ್ಲವೇ ತೀರ ಸಣ್ಣಗೆ ಇದ್ದರೆ ಒಂದು ಸೆಟ್ಟು 25 ಕಿಲೋಹರ್ಟ್ಸ್ ಚಾನೆಲ್ ಅಗಲಕ್ಕೂ ಇನ್ನೊಂದು 12.5ಕ್ಕೂ ಹೊಂದಿಸಲ್ಪಟ್ಟಿದೆಯೇ ನೋಡಿ. ಗರಗಸ ಉಜ್ಜಿದಂಥ ಸದ್ದು ಮಾತ್ರ ಬಂದರೆ ಆಚೆಯವರು ಡಿಜಿಟಲ್‌ನಲ್ಲಿದ್ದಾರೆ, ನೀವು ಅನಲಾಗ್‌ನಲ್ಲಿದ್ದೀರಿ. ಎರಡೂ ಡಿಜಿಟಲ್ ಆಗಿದ್ದೂ ಮೌನವಿದ್ದರೆ ಕಲರ್ ಕೋಡ್ (ಡಿಜಿಟಲ್ ತಂಡದ ಗುರುತಿನ ಸಂಖ್ಯೆ) ಮತ್ತು ಟೈಮ್ ಸ್ಲಾಟ್ (ಒಂದೇ ಫ್ರೀಕ್ವೆನ್ಸಿಯಲ್ಲಿ ಹಂಚಿಕೊಂಡ ಸಮಯದ ಪಾಲು) ಒಂದೇ ಇವೆಯೇ ಎಂದು ತಾಳೆ ನೋಡಬೇಕು.

ಇಡೀ ಚಾನೆಲ್ ಕಟ್ಟಿಕೊಂಡರೆ

ತುಮಕೂರು ಸೀಮೆಯ ಒಂದು ದನಗಳ ಜಾತ್ರೆಯಲ್ಲಿ ಸ್ವಯಂಸೇವಕರ ಇಪ್ಪತ್ತಕ್ಕೂ ಹೆಚ್ಚು ಸೆಟ್ಟುಗಳು ಸಂಜೆ ಹೊತ್ತಿಗೆ ಒಟ್ಟಿಗೆ ನಿಂತುಹೋದವು. ಎಲ್ಲರ ಸ್ಪೀಕರಿನಲ್ಲೂ ದನದ ಕೊರಳ ಗಂಟೆ, ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಸಿಡಿಯುವ ಸದ್ದು, ಯಾರೋ ಹೋರಿಗೆ ಬೆಲೆ ಕಟ್ಟುತ್ತಿರುವ ಮಾತು. ಸ್ವಯಂಸೇವಕನೊಬ್ಬನ ಭುಜದ ಮೈಕ್ ಅಂಗಡಿಯ ಬೆಂಚಿಗೂ ಬೆನ್ನಿಗೂ ನಡುವೆ ಸಿಕ್ಕಿ ಗುಂಡಿ ಒತ್ತಿಕೊಂಡಿತ್ತು. ಅವನನ್ನು ವೈರ್‌ಲೆಸ್‌ನಲ್ಲೇ ಕರೆದು ಹೇಳೋಣವೆಂದರೆ, ಪ್ರಸಾರ ಮಾಡುತ್ತಿರುವ ಸೆಟ್ಟಿಗೆ ಏನೂ ಕೇಳಿಸುವುದಿಲ್ಲ. ಕೊನೆಗೆ ಬಜ್ಜಿಯ ಸದ್ದೇ ದಾರಿ ತೋರಿಸಿತು.

ಇದಕ್ಕೆ ಮದ್ದು ಮೊದಲೇ ಮಾಡಿಟ್ಟುಕೊಳ್ಳುವಂಥದು. ಸೆಟ್ಟುಗಳಲ್ಲಿ ಟೈಮ್ ಔಟ್ ಎಂಬ ಹೊಂದಾಣಿಕೆಯಿದೆ. ಅದನ್ನು 60 ಸೆಕೆಂಡಿಗೆ ಇಟ್ಟರೆ ಒತ್ತಿಕೊಂಡ ಗುಂಡಿ ಒಂದು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಜೊತೆಗೆ ಇಡೀ ತಂಡಕ್ಕೆ ಒಂದು ಬದಲಿ ಚಾನೆಲ್ ಗೊತ್ತಿರಬೇಕು, ಮತ್ತು ಮೊದಲನೆಯದು ಕಟ್ಟಿಕೊಂಡರೆ ಯಾರೂ ಹೇಳದೆಯೇ ಎಲ್ಲರೂ ಅಲ್ಲಿಗೆ ಹೋಗಬೇಕೆಂಬ ಒಪ್ಪಂದ ಇರಬೇಕು. ಅಲ್ಲಿಗೆ ಬಾರದವನೇ ಗುಂಡಿ ಒತ್ತಿಕೊಂಡವನು.

ಆಂಟೆನಾ

ಸೆಟ್ಟನ್ನು ಆಂಟೆನಾ ಹಿಡಿದು ಎತ್ತುವುದು, ಬೈಕಿನ ಬ್ಯಾಗಿನಲ್ಲಿ ಅದನ್ನು ಬಗ್ಗಿಸಿ ತುರುಕುವುದು, ಇವೆರಡರಿಂದ ಬುಡದಲ್ಲಿ, ರಬ್ಬರಿನ ಒಳಗೆ, ತಂತಿ ಕಡಿಯುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಸೆಟ್ಟಿನಲ್ಲಿ ಸಣ್ಣ ಅಲೆಯೊಂದನ್ನು ಕೇಳುತ್ತಿರುವಾಗ ಆಂಟೆನಾದ ಬುಡವನ್ನು ಬೆರಳಿನಿಂದ ನಿಧಾನವಾಗಿ ಬಗ್ಗಿಸಿ. ಗೊರಗೊರ ಏರಿಳಿದರೆ ಆಂಟೆನಾ ಬದಲಿಸಿ.

ಇನ್ನೊಂದು, ಹೊರನೋಟಕ್ಕೆ ಗೊತ್ತೇ ಆಗದ ದೋಷವೆಂದರೆ ಬೇರೆ ಬ್ಯಾಂಡಿನ, ಅಂದರೆ ಬೇರೆ ಫ್ರೀಕ್ವೆನ್ಸಿ ಪಟ್ಟಿಯ ಆಂಟೆನಾ. 150 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಅಲೆಯ ಉದ್ದ 2 ಮೀಟರ್. 450 ಮೆಗಾಹರ್ಟ್ಸ್‌ನ ಯುಎಚ್‌ಎಫ್ ಅಲೆಯದು ಸುಮಾರು 67 ಸೆಂಟಿಮೀಟರ್. ಒಂದಕ್ಕೆ ಮಾಡಿದ ಆಂಟೆನಾ ಇನ್ನೊಂದಕ್ಕೆ ಸ್ಕ್ರೂ ಮಟ್ಟಿಗೆ ಒಪ್ಪಬಹುದು, ಕೆಲಸದ ಮಟ್ಟಿಗೆ ಒಪ್ಪುವುದಿಲ್ಲ. ಎರಡೂ ಬಗೆಯ ಸೆಟ್ಟುಗಳಿರುವ ತಂಡದವರು ಆಂಟೆನಾ ಬುಡಕ್ಕೂ ಸೆಟ್ಟಿನ ಬೆನ್ನಿಗೂ ಒಂದೇ ಬಣ್ಣದ ಟೇಪು ಸುತ್ತುವುದು ವಾಸಿ. ಆಂಟೆನಾ ಇಲ್ಲದೆ ಗುಂಡಿ ಒತ್ತಲೇಬಾರದು. ಹೊರಗೆ ಹೋಗಬೇಕಾದ ಶಕ್ತಿ ಹಿಂದಿರುಗಿ ಪ್ರಸಾರದ ಟ್ರಾನ್ಸಿಸ್ಟರನ್ನು ಸುಡಬಹುದು.

ನೆಲದ ದೋಷ

ಇನ್ನು ಎರಡನೆಯ ಪೆಟ್ಟಿಗೆಯ ನಿಜವಾದ ಕಾರಣಕ್ಕೆ ಬರುತ್ತೇನೆ. ವಾಕಿಟಾಕಿಯ ಅಲೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. ಭೂಮಿಯ ಗುಂಡನೆಯ ಮೈ ಎಲ್ಲಿ ಅದಕ್ಕೆ ಅಡ್ಡ ಬರುತ್ತದೆಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನಿಂತ ಮನುಷ್ಯನ ಕೈಯಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಸೆಟ್ಟಿಗೆ ಅದು 5 ಕಿಲೋಮೀಟರ್. ಎರಡೂ ಬದಿಯ ದೂರ ಕೂಡಿದರೆ 10. ಇದು ಕನ್ನಡಿಯಂಥ ಬಯಲಿನ ಲೆಕ್ಕ. ಮರ, ಮನೆ, ಏರು, ದಿಬ್ಬ ಸೇರಿದರೆ 2-3 ಕಿಲೋಮೀಟರ್ ಸಿಕ್ಕಿದರೂ ಸೆಟ್ಟಿನಲ್ಲಿ ದೋಷವಿಲ್ಲವೆಂದೇ ತಿಳಿಯಬೇಕು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೂರಕ್ಕೂ ನಮ್ಮ ಸೀಮೆಗೂ ಸಂಬಂಧವಿಲ್ಲ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಎಂಬ ನಮ್ಮ ಮೂರು ಜಿಲ್ಲೆಗಳ ನೆಲಕ್ಕೆ ತನ್ನದೇ ಗುಣವಿದೆ. ಬಯಲು ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಬಂಡೆಗಳು: ಮಧುಗಿರಿಯ ಏಕಶಿಲೆ, ನಂದಿ, ಸ್ಕಂದಗಿರಿ, ಕೋಲಾರದ ಅಂತರಗಂಗೆಯ ಸಾಲು. ಗ್ರಾನೈಟ್ ಗುಡ್ಡವನ್ನು ತೂರಿಕೊಂಡು ಅಲೆ ಹೋಗುವುದಿಲ್ಲ. ಗುಡ್ಡದ ಎರಡು ಮಗ್ಗುಲಲ್ಲಿ ನಿಂತ ಇಬ್ಬರ ನಡುವೆ ನೇರ ದೂರ ಒಂದೇ ಕಿಲೋಮೀಟರ್ ಇದ್ದರೂ ಮಾತು ಸಾಗದಿರಬಹುದು. ಅದೇ ಇಬ್ಬರು ಗುಡ್ಡದಿಂದ ದೂರ ಸರಿದು ಪಕ್ಕದಿಂದ ಒಬ್ಬರಿಗೊಬ್ಬರು ಕಾಣುವಂತಾದರೆ ನಾಲ್ಕು ಕಿಲೋಮೀಟರಿಗೂ ಮಾತಾಡಬಹುದು. ಕೆರೆಯ ಏರಿಗೂ ಇದೇ ಮಾತು. ಏರಿಯ ಹಿಂದೆ ಗದ್ದೆಗೆ ಇಳಿದವರ ದನಿ ತಟ್ಟನೆ ಕಡಿಯುತ್ತದೆ. ಏರಿ ಹತ್ತಿ ಮಾತಾಡಿದರೆ ಮತ್ತೆ ಬರುತ್ತದೆ. ದೋಷ ನೆಲದ್ದೇ ಎಂದು ಸಾಬೀತು ಮಾಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ: ಅದೇ ಸೆಟ್ಟು ಹಿಡಿದು ಎತ್ತರಕ್ಕೆ ಹತ್ತಿ, ಮತ್ತೊಮ್ಮೆ ಕರೆಯಿರಿ.

ಹತ್ತಲಾಗದಿದ್ದಲ್ಲಿ ಸಣ್ಣ ಉಪಾಯಗಳಿವೆ. ಸೊಂಟದಲ್ಲಿ ಸಿಕ್ಕಿಸಿದ ಸೆಟ್ಟಿನ ಅಲೆಯ ದೊಡ್ಡ ಪಾಲನ್ನು ಮೈಯೇ ನುಂಗುತ್ತದೆ; ತೆಗೆದು ಮುಖದ ಮಟ್ಟಕ್ಕೆ, ಆಂಟೆನಾ ನೆಟ್ಟಗಿರುವಂತೆ ಹಿಡಿಯಬೇಕು. ಬಂಡೆಗಳ ನಡುವೆ ಪ್ರತಿಫಲಿಸಿದ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಸಣ್ಣ ಸಣ್ಣ ಕುರುಡು ಜಾಗಗಳಿರುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮಾತು ಬರುವುದುಂಟು.

ಪವರ್ ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಯಿಂದ ಹಣ ಹಾಳಾಗುತ್ತದೆ. ಅಡ್ಡಿಯೇ ಇಲ್ಲದ ಬಯಲಿನಲ್ಲೂ ದೂರ ಎರಡರಷ್ಟಾಗಲು ಪವರ್ ನಾಲ್ಕರಷ್ಟಾಗಬೇಕು, ಮತ್ತು ಗುಡ್ಡದ ಹಿಂದೆ ಆ ಲೆಕ್ಕವೂ ನಡೆಯುವುದಿಲ್ಲ. ದೇವರಾಯನದುರ್ಗದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್, ತುಮಕೂರು ನಗರ ಸುಮಾರು 820; ಆ 380 ಮೀಟರಿನ ಅಂತರಕ್ಕೆ ಮೇಲಿನ ಲೆಕ್ಕ ಹಾಕಿದರೆ ದಿಗಂತ 80 ಕಿಲೋಮೀಟರ್ ದೂರ ಹೋಗುತ್ತದೆ. ಎತ್ತರದಲ್ಲೊಬ್ಬ ಮನುಷ್ಯ ಕೂತು ಎರಡು ಕಡೆಯ ಮಾತನ್ನು ದಾಟಿಸಿದರೆ, ಹೊಸ ಸೆಟ್ಟು ಕೊಳ್ಳದೆಯೇ ಎಷ್ಟೋ ತಂಡಗಳ ತೊಂದರೆ ಮುಗಿಯುತ್ತದೆ. ಬೆಂಕಿ ಕಾಯುವವರಲ್ಲಿ ಹೇಗೂ ಒಬ್ಬ ಮೇಲೆ ಕೂತಿರುತ್ತಾನೆ. ಅವನ ಕೈಗೆ ಅತ್ಯುತ್ತಮ ಸೆಟ್ಟು ಕೊಡಿ. ಆದರೆ ಬೆಟ್ಟದ ಬುಡಕ್ಕೇ ಅಂಟಿಕೊಂಡು ನಿಂತವರು ಅವನ ಕಣ್ಣಿಗೆ ಬೀಳುವುದಿಲ್ಲ, ಅವರ ಮಾತೂ ಅವನಿಗೆ ಕೇಳುವುದಿಲ್ಲ ಎಂಬುದನ್ನು ನೆನಪಿಡಬೇಕು.

ಕಾರು, ಜೀಪು ಮತ್ತು ಕಚೇರಿಯ ಸೆಟ್ಟುಗಳು

ಗಾಡಿಯ ಸೆಟ್ಟಿನಲ್ಲಿ ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀಂಕಾರ ಬಂದರೆ ಆಲ್ಟರ್ನೇಟರ್. ಎಂಜಿನ್ ಆರಿಸಿದರೂ ಬಿಡದ ಒಂದೇ ಸಮನೆಯ ಗೊರಗೊರವಾದರೆ ಮೊಬೈಲ್ ಚಾರ್ಜರ್ ಅಥವಾ ಎಲ್‌ಇಡಿ ದೀಪ. ಒಂದೊಂದನ್ನೇ ಆರಿಸುತ್ತಾ ಬಂದರೆ ತಪ್ಪಿತಸ್ಥ ಐದು ನಿಮಿಷದಲ್ಲಿ ಸಿಗುತ್ತಾನೆ. ಈ ಸದ್ದನ್ನು ಮುಚ್ಚಲು ಸ್ಕ್ವೆಲ್ಚ್ (ಸಣ್ಣ ಅಲೆಗಳು ಕೇಳಿಸದಂತೆ ತಡೆಯುವ ಹೊಂದಾಣಿಕೆ) ಏರಿಸುವವರಿದ್ದಾರೆ; ಹಾಗೆ ಮಾಡಿದರೆ ಸದ್ದಿನೊಂದಿಗೆ ದೂರದ ಮಾತೂ ಹೋಗುತ್ತದೆ. ಗಾಡಿಯ ಸೆಟ್ಟಿಗೆ ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕೊಡಬಾರದು. ಬ್ಯಾಟರಿಯಿಂದಲೇ, ಫ್ಯೂಸ್ ಹಾಕಿದ ದಪ್ಪ ತಂತಿಯಲ್ಲಿ ತರಬೇಕು.

ಕಚೇರಿಯ ಸೆಟ್ಟಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೇಬಲ್. ಒಂದು ತಂಡದ ಬೇಸ್ ಸೆಟ್ಟು ಮಳೆಗಾಲದ ನಂತರ ಮಂಕಾಯಿತು. ಸೆಟ್ಟಿನ ಹಿಂದೆ ಮೀಟರ್ ಹಾಕಿ ನೋಡಿದರೆ ವಿಎಸ್‌ಡಬ್ಲ್ಯುಆರ್ 1.2, ಅಂದರೆ ಹಿಂದಿರುಗುವ ಶಕ್ತಿ ನೂರಕ್ಕೆ ಒಂದು ಪಾಲೂ ಇಲ್ಲ. ಆಂಟೆನಾ ಸೊಗಸಾಗಿದೆ ಎಂದು ನಾನೂ ಮೋಸಹೋದೆ. ಮರುದಿನ ಕಂಬ ಹತ್ತಿ ಮೇಲಿನ ಕನೆಕ್ಟರ್ ಬಿಚ್ಚಿದಾಗ ಅರ್ಧ ಚಮಚ ನೀರು ಹೊರಬಂತು, ಹೆಣಿಗೆಯ ತಾಮ್ರ ಹಸಿರುಗಟ್ಟಿತ್ತು. ನೀರು ಕುಡಿದ ಉದ್ದನೆಯ ಕೇಬಲ್ ಹೋಗುವ ಶಕ್ತಿಯನ್ನೂ ನುಂಗುತ್ತದೆ, ಹಿಂದಿರುಗುವ ಶಕ್ತಿಯನ್ನೂ ನುಂಗುತ್ತದೆ. ಹಿಂದಿರುಗುವುದು ಕಡಿಮೆಯಾದ್ದರಿಂದ ಕೆಳಗಿನ ಮೀಟರ್ ‘ಚೆನ್ನಾಗಿದೆ’ ಎನ್ನುತ್ತದೆ. ಅಂದಿನಿಂದ ಆಂಟೆನಾ ಬದಿಯಲ್ಲಿ ಪವರ್ ಅಳೆಯದೆ ನಾನು ಯಾವ ಕೇಬಲ್ಲನ್ನೂ ಒಪ್ಪಿಲ್ಲ. ಒಳ್ಳೆಯ ಸ್ಥಿತಿಯಲ್ಲಿದ್ದರೂ ತೆಳ್ಳನೆಯ ಆರ್‌ಜಿ-58 ಕೇಬಲ್ 30 ಮೀಟರ್ ಉದ್ದಕ್ಕೆ ವಿಎಚ್‌ಎಫ್‌ನಲ್ಲಿ ಸುಮಾರು 6 ಡೆಸಿಬೆಲ್, ಅಂದರೆ ನಾಲ್ಕರಲ್ಲಿ ಮೂರು ಪಾಲು ಶಕ್ತಿಯನ್ನು ತಿಂದುಹಾಕುತ್ತದೆ. ಯುಎಚ್‌ಎಫ್‌ನಲ್ಲಿ ಇನ್ನೂ ಹೆಚ್ಚು. ದಪ್ಪನೆಯ ಆರ್‌ಜಿ-213ರಲ್ಲಿ ಈ ನಷ್ಟ ಅರ್ಧಕ್ಕಿಂತ ಕಡಿಮೆ. ಕನೆಕ್ಟರಿಗೆ ನೀರು ಇಳಿಯದಂತೆ ಸ್ವಯಂ ಅಂಟುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಸುತ್ತಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಮೋಡ ಕಟ್ಟಿದಾಗಲೇ ಕೇಬಲ್ ಕಳಚಿಡುವುದು, ಕಂಬಕ್ಕೆ ಸರಿಯಾದ ಅರ್ಥಿಂಗ್ ಮಾಡಿಸುವುದು ಸೆಟ್ಟಿಗೂ ಮನುಷ್ಯರಿಗೂ ಕ್ಷೇಮ.

ರಿಪೀಟರ್, ಅಂದರೆ ಎತ್ತರದಲ್ಲಿದ್ದು ತನಗೆ ಕೇಳಿದ ಮಾತನ್ನು ಮತ್ತೆ ಪ್ರಸಾರ ಮಾಡುವ ಯಂತ್ರ, ಬಳಸುವ ತಂಡಗಳು ಗುಂಡಿ ಒತ್ತಿ ಬಿಟ್ಟ ಕೂಡಲೇ ಕಿವಿಗೊಡಬೇಕು. ಬಿಟ್ಟ ಮೇಲೂ ಒಂದೆರಡು ಕ್ಷಣ ರಿಪೀಟರಿನ ಬಾಲದ ಸದ್ದು ಕೇಳಿಸಿದರೆ ನಿಮ್ಮ ಅಲೆ ಅಲ್ಲಿಗೆ ತಲುಪಿದೆ. ಕೇಳಬೇಕಾದವರ ಬದಿಯನ್ನು ಹುಡುಕಿ. ಬಾಲ ಯಾರಿಗೂ ಕೇಳಿಸದಿದ್ದರೆ ರಿಪೀಟರಿನ ಕರೆಂಟೇ ಹೋಗಿರಬಹುದು. ಆಗ ನೇರ ಚಾನೆಲ್ಲಿಗೆ ಬದಲಿಸಿ ಹತ್ತಿರದವರೊಂದಿಗಾದರೂ ಮಾತು ಉಳಿಸಿಕೊಳ್ಳಬೇಕು.

ಕೊಂಡ ದಿನವೇ ಹುಟ್ಟಿದ ದೋಷಗಳು

ಮೇಲಿನ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಿಯೂ ಕೆಲಸಕ್ಕೆ ಬಾರದ ಸೆಟ್ಟು ಆಯ್ಕೆಯಲ್ಲೇ ಕೆಟ್ಟದ್ದು. ಬಯಲು, ತೋಟ, ಕುರುಚಲು ಕಾಡು, ಗುಡ್ಡದ ಓರೆಗಳಿಗೆ ವಿಎಚ್‌ಎಫ್ ವಾಸಿ. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ತಗಡಿನ ಷೆಡ್ಡುಗಳಲ್ಲಿ, ಕಟ್ಟಡಗಳ ಒಳಗೆ ಯುಎಚ್‌ಎಫ್ ವಾಸಿ. ಪಾವಗಡದ ತಿರುಮಣಿಯ ಸೌರ ಉದ್ಯಾನ 13,000 ಎಕರೆ, ಅಂದರೆ 50 ಚದರ ಕಿಲೋಮೀಟರಿಗೂ ಮಿಗಿಲು. ಅಂಥ ಹರವಿನಲ್ಲಿ ದುಡಿಯುವ ತಂಡ ಬರಿ ಕೈಸೆಟ್ಟುಗಳನ್ನೇ ಎಷ್ಟು ಕೊಂಡರೂ ಒಂದು ತುದಿಯಿಂದ ಇನ್ನೊಂದು ತುದಿಗೆ ಭರವಸೆಯಿಂದ ಮಾತಾಡಲಾರದು, ಅಲ್ಲಿಗೆ ಎತ್ತರದ ಆಂಟೆನಾ ಮತ್ತು ರಿಪೀಟರ್ ಬೇಕು.

ಸಿಮ್ ಹಾಕಿ ಮೊಬೈಲ್ ನೆಟ್‌ವರ್ಕಿನ ಮೇಲೆ ಮಾತಾಡುವ ಸೆಟ್ಟುಗಳು ಈಗ ಅಗ್ಗವಾಗಿವೆ, ಬೆಂಗಳೂರು-ತುಮಕೂರು ರಸ್ತೆಯಲ್ಲಿ ಓಡಾಡುವ ಗಾಡಿಗಳಿಗೆ ಚೆನ್ನಾಗಿಯೂ ಇವೆ. ಆದರೆ ಫೋನಿಗೆ ಸಿಗ್ನಲ್ ಸಿಗದ ಕಣಿವೆಯಲ್ಲಿ ಅವಕ್ಕೂ ಸಿಗುವುದಿಲ್ಲ, ಜಾತ್ರೆಯ ಜನಸಂದಣಿಯಲ್ಲಿ ಫೋನ್ ತಿಣುಕುವಾಗ ಅವೂ ತಿಣುಕುತ್ತವೆ. ಫೋನ್ ಕೆಲಸ ಮಾಡದ ಕಡೆಗೆಂದೇ ವಾಕಿಟಾಕಿ ಕೊಳ್ಳುವವರು ಇವನ್ನು ಕೊಂಡು ಬಂದು ‘ಸೆಟ್ಟು ಸರಿಯಿಲ್ಲ’ ಎಂದರೆ ನಾನು ಏನು ರಿಪೇರಿ ಮಾಡಲಿ? ಡಿಜಿಟಲ್ ಸೆಟ್ಟು ಅಂಚಿನವರೆಗೂ ಸ್ವಚ್ಛವಾಗಿ ಮಾತಾಡಿ, ಅಂಚು ದಾಟಿದ ಕೂಡಲೇ ಪೂರ್ತಿ ನಿಂತುಬಿಡುತ್ತದೆ. ಅನಲಾಗ್ ಗೊರಗುಟ್ಟುತ್ತಲೇ ಇನ್ನಷ್ಟು ದೂರ ಎಳೆಯುತ್ತದೆ. ರಾತ್ರಿ ಆನೆ ಕಾಯುವವರಿಗೆ, ಹಾಳಾದ ದನಿಯಲ್ಲಾದರೂ ‘ಬಂತು’ ಎಂಬ ಒಂದು ಪದ ದಾಟಿದರೆ ಸಾಕೆನ್ನುವವರಿಗೆ, ನಾನು ಇಂದಿಗೂ ಅನಲಾಗನ್ನೇ ಹೇಳುತ್ತೇನೆ.

ಪರವಾನಗಿಯ ವಿಚಾರವೂ ದೋಷದ ಪಟ್ಟಿಯಲ್ಲಿಯೇ ಬರಬೇಕು. 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ, ಅರ್ಧ ವ್ಯಾಟಿನ ಮಿತಿಯೊಳಗೆ ಕೆಲಸ ಮಾಡುವ ಸೆಟ್ಟುಗಳಿಗೆ ಪರವಾನಗಿ ಬೇಡ. 5 ವ್ಯಾಟಿನ ಮಾಮೂಲು ಸೆಟ್ಟುಗಳಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರವಾನಗಿ ಮತ್ತು ಫ್ರೀಕ್ವೆನ್ಸಿ ಹಂಚಿಕೆ ಬೇಕೇ ಬೇಕು. ಆನ್‌ಲೈನ್ ಅಂಗಡಿಗಳಲ್ಲಿ ಇದನ್ನು ಹೇಳದೆ ಮಾರುವುದು ಹೆಚ್ಚಿದ್ದರಿಂದಲೇ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಹಂಚಿಕೆಯಿಲ್ಲದ ಫ್ರೀಕ್ವೆನ್ಸಿಯಲ್ಲಿ ‘ಯಾರೋ ನಡುವೆ ಬರುತ್ತಿದ್ದಾರೆ’ ಎಂದು ದೂರುವವರು, ನಡುವೆ ಬಂದವರು ತಾವೇ ಇರಬಹುದೆಂದು ಮೊದಲು ಯೋಚಿಸಬೇಕು.

ಧೂಳು-ನೀರಿನ ತಡೆಗೆ ಐಪಿ67 ಎಂದು ಬರೆದಿರುವ ಸೆಟ್ಟು ಧೂಳನ್ನು ಪೂರ್ತಿ ತಡೆಯುತ್ತದೆ, 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳುತ್ತದೆ. ಇಯರ್‌ಫೋನ್ ತೂತಿನ ರಬ್ಬರ್ ಮುಚ್ಚಳ ಕಳೆದುಹೋದ ದಿನದಿಂದ ಆ ಮಾತು ಸುಳ್ಳಾಗುತ್ತದೆ. ಕ್ವಾರಿಗಳಲ್ಲಿ ಮಾತ್ರ ಒಂದು ಕಟ್ಟುನಿಟ್ಟು ಎಲ್ಲಕ್ಕಿಂತ ಮುಖ್ಯ. ವಿದ್ಯುತ್ ಡಿಟೊನೇಟರುಗಳಿಗೆ ತಂತಿ ಎಳೆದಿರುವ ಜಾಗದ ಹತ್ತಿರ ಯಾವ ಸೆಟ್ಟಿನ ಗುಂಡಿಯನ್ನೂ ಒತ್ತಬಾರದು, ಏಕೆಂದರೆ ಆ ತಂತಿಯೇ ಆಂಟೆನಾದಂತೆ ವರ್ತಿಸಿ ಅಲೆಯ ಶಕ್ತಿಯನ್ನು ಡಿಟೊನೇಟರಿಗೆ ಒಯ್ಯಬಹುದು. ಎಷ್ಟು ದೂರದಲ್ಲಿ ಸೆಟ್ಟು ಆಫ್ ಆಗಬೇಕೆಂಬುದು ಸಿಡಿಮದ್ದಿನ ಹೊಣೆ ಹೊತ್ತವರ ಮಾತು. ಅಲ್ಲಿ ಪರೀಕ್ಷೆ ಮಾಡಿ ನೋಡುವ ಪ್ರಶ್ನೆಯೇ ಇಲ್ಲ.

ರಿಪೇರಿಗೆ ಕಳಿಸುವಾಗ

ಬ್ಯಾಟರಿ, ಆಂಟೆನಾ, ಟೋನ್, ಮೈಕ್, ನೆಲ ಎಲ್ಲವನ್ನೂ ನೋಡಿದ ಮೇಲೆ ಉಳಿಯುವ ಸೆಟ್ಟುಗಳು ಕೆಲವೇ. ಅವನ್ನು ತಂಡದವರು ಬಿಚ್ಚಬಾರದು. ನೀರುತಡೆಯ ಅಂಟು ಒಮ್ಮೆ ಬಿಟ್ಟರೆ ಮೊದಲಿನಂತೆ ಕೂರುವುದಿಲ್ಲ. ಪ್ರತಿ ಸೆಟ್ಟಿಗೂ ಪ್ರತಿ ಬ್ಯಾಟರಿಗೂ ಬೇರೆ ಬೇರೆ ನಂಬರ್ ಬರೆದು, ಆ ನಂಬರಿನೊಂದಿಗೆ ಚೀಟಿ ಅಂಟಿಸಿ ಕಳಿಸಿ. ಈಚೆಗೆ ನನಗೆ ಬಂದ ಚೀಟಿಗಳಲ್ಲಿ ಅತ್ಯಂತ ಚೆನ್ನಾದದ್ದು ಹೀಗಿತ್ತು: ‘ಸೆಟ್ಟು 4. ಬ್ಯಾಟರಿ 11, 7, 2 ಮೂರರಲ್ಲೂ ಅದೇ. ಆಂಟೆನಾ ಬದಲಿಸಿದರೂ ಅದೇ. ನೂರು ಹೆಜ್ಜೆಯಲ್ಲಿ ನಮಗೆ ಕೇಳುತ್ತದೆ. ಗುಂಡಿ ಒತ್ತಿದರೆ ಇಲ್ಲಿ ಕೆಂಪು ದೀಪ ಬರುತ್ತದೆ, ಆಚೆ ಹಸಿರು ದೀಪ ಬರುವುದಿಲ್ಲ. ಹೋದ ಬುಧವಾರ ಆಂಟೆನಾ ಕಳಚಿಬಿದ್ದಿದ್ದಾಗ ಗೊತ್ತಿಲ್ಲದೆ ಮಾತಾಡಿದ್ದೆವು.’ ಪ್ರಸಾರದ ಟ್ರಾನ್ಸಿಸ್ಟರ್ ಬದಲಿಸಿ ಅಂದೇ ಸಂಜೆ ವಾಪಸು ಕಳಿಸಿದೆ.